ಬಳೆ ಬಿಚ್ಚಿಡುವ ಕೋಣೆ

ಆ ಕೋಣೆಗೆ ಹೋಗುವ ಮುಂಚೆ ಬಳೆ ಬಿಚ್ಚಿಡಬೇಕು. ಗೆಜ್ಜೆ, ಗಡಿಯಾರ, ಕೀಲಿಕೈ, ಓಢಣಿಗೆ ಚುಚ್ಚಿದ ಪಿನ್ನು, ಎಲ್ಲವನ್ನೂ. ಬಾಗಿಲ ಪಕ್ಕದ ಗೂಡಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸ್ಟೀಲಿನ ಡಬ್ಬಿ. ಇಡುವ ಸದ್ದೂ ಆಗಬಾರದೆಂದು ಒಳಗೆ ಹತ್ತಿ ಹಾಸಿರುತ್ತಿತ್ತು. ನನ್ನ ಡಬ್ಬಿಯ ಮೇಲೆ ‘ಶಾಲ್ಮಲಾ’ ಎಂದು ಬರೆದವಳು ನಸೀಮಾ. ಹೆಸರಿನ ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿದ ಒಂದು ಮುಖವನ್ನೂ ಬಿಡಿಸಿದ್ದಳು. ನನಗೆ ಮಾತು ಕಡಿಮೆ. ಕೇಳಿದ್ದಕ್ಕೆ ತಲೆಯಾಡಿಸಿ ಮುಗಿಸುವವಳು ನಾನು.

ಗಾಜಿನ ಬಳೆ ದಿನಾ ಬಿಚ್ಚಿ ತೊಡುವ ವಸ್ತುವಲ್ಲ. ಕೈ ಹಿಂಡಿ ಏರಿಸಿದ್ದು ತಾನಾಗಿ ಒಡೆಯುವ ತನಕ ಕೈಯಲ್ಲೇ ಇರುತ್ತದೆ. ಬಿಚ್ಚಲು ಸಲೀಸಾಗಲೆಂದು ನಾನು ಒಂದು ಅಳತೆ ದೊಡ್ಡ ಬಳೆ ತೊಡತೊಡಗಿದೆ. “ಇದು ನಿನ್ನ ಕೈ ಅಳತಿ ಅಲ್ಲವಾ, ಮುಂದಿನ ಜನ್ಮದ ಕೈದು” ಎಂದು ಬಳೆಗಾರ್ತಿ ನಕ್ಕಿದ್ದಳು. ಬಳೆ ಬಿಟ್ಟೇಬಿಡೋಣವೆಂದರೆ ಮನೆಯಲ್ಲಿ ವೇಣು ಅತ್ಯಾ ಇದ್ದಳು. ವೇಣು ಅತ್ಯಾ ಅಂದರೆ ನನ್ನ ಅಪ್ಪನ ಅಕ್ಕ, ಮದುವೆಯಾಗಲಿಲ್ಲ, ಧಾರವಾಡದ ನಮ್ಮ ಓಣಿಯ ಮಕ್ಕಳಿಗೆಲ್ಲ ಹಾಡು ಕಲಿಸಿದವಳು. ನನ್ನನ್ನು ಸಾಕಿದವಳೂ ಅವಳೇ. “ನಿಮ್ಮ ವಿಜ್ಞಾನ ಏನರೆ ಮಾಡ್ಲಿ, ಬೋಳುಗೈಲೆ ಹೊಸ್ತಿಲಾ ದಾಟಿ ಬರಬ್ಯಾಡ” ಅನ್ನುತ್ತಿದ್ದಳು.

ಕೋಣೆ ಇದ್ದದ್ದು ಊರ ಹೊರಗಿನ ಹಳೆಯ ಕಲ್ಲುಗಣಿಯ ತಳದಲ್ಲಿ. ಕಲ್ಲು ತೆಗೆದು ತೆಗೆದು ಬಾವಿಯಂತಾದ ಜಾಗ. ಅಲ್ಲೊಂದು ಕಟ್ಟಡ, ಅದರೊಳಗೊಂದು ಕೋಣೆ, ಆ ಕೋಣೆಯೊಳಗೆ ಸ್ಪ್ರಿಂಗುಗಳ ಮೇಲೆ ತೇಲುವಂತೆ ನಿಲ್ಲಿಸಿದ ಇನ್ನೊಂದು ಕೋಣೆ. ಬಾಗಿಲು ಮುಚ್ಚಿದರೆ ಮೊದಲು ನಿಮ್ಮ ರಕ್ತ ಹರಿಯುವುದು ಕೇಳುತ್ತದೆ. ಆಮೇಲೆ ಅದೂ ಇಲ್ಲ. ಆಮೇಲೆ ಎಲ್ಲೋ ನಲ್ಲಿ ಹನಿಯುತ್ತದೆ, ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಅಲ್ಲಿ ನಲ್ಲಿಯೂ ಇಲ್ಲ, ಯಾರೂ ಇಲ್ಲ. ಮನಸ್ಸಿಗೆ ಖಾಲಿ ಕೂತು ಗೊತ್ತಿಲ್ಲ, ತಾನೇ ಸದ್ದು ಹೆಣೆಯುತ್ತದೆ.

ಆ ಹೆಣಿಗೆಯನ್ನು ಅಳೆಯುವ ಯಂತ್ರವೇ ನಮ್ಮದು. ನಾವೆಲ್ಲ ಅದನ್ನು ತಕ್ಕಡಿ ಎನ್ನುತ್ತಿದ್ದೆವು. ಒಂದು ಪರಡಿಯಲ್ಲಿ ಕೋಣೆಯ ಗಾಳಿ: ಗೋಡೆ, ಸೂರು, ನೆಲದೊಳಗೆಲ್ಲ ಹುದುಗಿಸಿದ ಮೈಕುಗಳು, ಇರುವೆ ನಡೆದರೂ ಹಿಡಿಯುವಂಥವು. ಇನ್ನೊಂದು ಪರಡಿಯಲ್ಲಿ ಒಬ್ಬ ಮನುಷ್ಯನ ಕೇಳ್ಮೆ: ತಲೆಗೆ ತೊಡಿಸಿದ ಟೊಪ್ಪಿಗೆಯೊಂದು ಕಿವಿಯ ನರದಿಂದ ಮಿದುಳಿನವರೆಗೆ ಏನು ಕೇಳಿಸಿತೋ ಅದನ್ನು ಬರೆದುಕೊಳ್ಳುತ್ತಿತ್ತು. ಕೇಳಿದ್ದರಲ್ಲಿ ಗಾಳಿಯಲ್ಲಿದ್ದುದನ್ನು ಕಳೆದರೆ ಮನಸ್ಸು ಸೇರಿಸಿದ್ದು ಉಳಿಯುತ್ತದೆ. ಅದಕ್ಕೆ ‘ಉಳಿಕೆ’ ಎಂದು ಹೆಸರು. “ಉಳಿಕೆ ತಗದು ಒಗೀರಿ, ಆಮ್ಯಾಲೆ ನಿಮ್ಮ ಮುಂದಿರೋದು ಖರೇ ಜಗತ್ತು” ಎನ್ನುತ್ತಿದ್ದರು ನಮ್ಮ ಮುಖ್ಯಸ್ಥೆ ಬೀಳಗಿ ಮೇಡಂ. ಅವರು ಸುಳ್ಳು ಹೇಳುವವರಲ್ಲ. ಅದನ್ನು ನಂಬಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು.

ತಕ್ಕಡಿಯ ಚಿಕ್ಕ ತಮ್ಮಂದಿರು ಆಗಲೇ ಮನೆಮನೆಗೆ ಬಂದಿದ್ದವು. ಉಪ್ಪಿನಕಾಯಿ ಭರಣಿಯಷ್ಟೆತ್ತರದ ಡಬ್ಬ, ಜೊತೆಗೊಂದು ಕಿವಿಪಟ್ಟಿ. ಅತ್ತೆ ಸೊಸೆ ಜಗಳವಾಡಿದರೆ ನಡುವೆ ಅದನ್ನಿಡುವರು. “ನೀ ಅಂದ ಧಾಟಿ ಹೆಂಗಿತ್ತು ಗೊತ್ತೇನು?” “ಧಾಟಿ ನಂದಲ್ರೀ, ನಿಮ್ಮ ಉಳಿಕಿ! ಬೇಕಾದ್ರ ಡಬ್ಬ ನೋಡ್ರಿ.” ಕೋರ್ಟಿನಲ್ಲಿ ಸಾಕ್ಷಿಗಳಿಗೆ ಅದು ಕಡ್ಡಾಯವಾಗಿತ್ತು. ಹೆಣ್ಣು ನೋಡಲು ಬಂದವರು ಹಾಡಿಸುವಾಗ ಕಿವಿಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದರು.

ಈ ಎಲ್ಲ ಡಬ್ಬಗಳಿಗೂ ಮೂಲದ ಅಳತೆ ಒಂದು ಬೇಕಲ್ಲ? ಅಂಗಡಿಯ ಕಿಲೋ ಕಲ್ಲಿಗೆ ಎಲ್ಲೋ ಒಂದು ಮೂಲದ ಕಲ್ಲು ಇರುವಂತೆ. ಆ ಮೂಲದ ಕಿವಿ ಪ್ರಭುಲಿಂಗ ಹಂಚಿನಮನಿ ಅವರದು.

ಅವರು ಮೊದಲು ಹುಬ್ಬಳ್ಳಿಯಲ್ಲಿ ರೈಲುಗಾಲಿಗಳಿಗೆ ಸುತ್ತಿಗೆ ಬಡಿದು ನೋಡುತ್ತಿದ್ದವರು. ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ. ಪರೀಕ್ಷೆಗೆ ಬಂದ ಸಾವಿರಾರು ಜನರಲ್ಲಿ ಉಳಿಕೆ ಹೆಚ್ಚುಕಡಿಮೆ ಸೊನ್ನೆ ಬಂದದ್ದು ಅವರೊಬ್ಬರದೇ. ಇದ್ದದ್ದನ್ನು ಇದ್ದಷ್ಟೇ ಕೇಳುವ ಕಿವಿ. ಅವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರುವುದು, ನಾನು ಅವರ ತಲೆಗೆ ಟೊಪ್ಪಿಗೆ ತೊಡಿಸಿ, ಒದ್ದೆ ಹತ್ತಿ ಸರಿಪಡಿಸಿ, ಅಳತೆ ಮುಗಿಯುವವರೆಗೆ ಮೂಲೆಯಲ್ಲಿ ಕೂತಿರುವುದು. ಒಳಗೆ ಒಬ್ಬರೇ ಇರಬಾರದೆಂಬ ನಿಯಮವಿತ್ತು. ಆಚೆ ಗಾಜಿನ ಹಿಂದೆ ನಸೀಮಾ ಯಂತ್ರ ನೋಡಿಕೊಳ್ಳುತ್ತಿದ್ದಳು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನಿಯಮ ಗೊತ್ತಿಲ್ಲದೆ ಹಸಿರು ಬಳೆ ತೊಟ್ಟೇ ಒಳಗೆ ಹೋಗಿದ್ದೆ. ತಕ್ಕಡಿ ಆಗಲೇ ನಡೆದಿತ್ತು. ಎರಡು ಹೆಜ್ಜೆ ಇಟ್ಟದ್ದೇ ತಡ, ಸೂರಿನ ಕೆಂಪು ದೀಪ ಹತ್ತಿತು. ನಾನು ಹೆದರಿ ಕೈ ಎದೆಗೊತ್ತಿಕೊಂಡೆ. ಕಣ್ಣು ಕಟ್ಟಿಕೊಂಡು ಕೂತಿದ್ದ ಮನುಷ್ಯ ತಲೆ ಹೊರಳಿಸದೆ ಮೆಲ್ಲಗೆ ಹೇಳಿದರು:

“ಬಾಯಾರ, ಒಂದರಾಗ ಬಿರುಕು ಐತ್ರಿ. ಕೈಗೆ ಚುಚ್ಚೀತು.”

ಬೆಳಗಿನ ಬಸ್ಸಿನ ನೂಕುನುಗ್ಗಲಿನಲ್ಲಿ ಬಿಟ್ಟ ಬಿರುಕು. ನಾನೇ ನೋಡಿರಲಿಲ್ಲ. ಹೊರಗೆ ಓಡಿಬಂದು ಬಿಚ್ಚುವಾಗ ಆ ಬಳೆ ಕೈಯಲ್ಲೇ ಎರಡು ತುಂಡಾಯಿತು. ತುಂಡುಗಳನ್ನು ಕಸದ ಬುಟ್ಟಿಗೆ ಹಾಕಿದೆ.

ಅವತ್ತಿನಿಂದ ಅವರು ನನ್ನೊಡನೆ ಆಡುತ್ತಿದ್ದದ್ದು ಒಂದೇ ಮಾತು. ಮಧ್ಯಾಹ್ನ ಕಣ್ಣಿನ ಬಟ್ಟೆ ಬಿಚ್ಚಿ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, “ಊಟ ಆತೇನ್ರಿ ಬಾಯಾರ?” ಅಮ್ಮಾವರೇ ಅನ್ನುವಂಥ ಆ ‘ಬಾಯಾರ’ ಎಂದೂ ತಪ್ಪುತ್ತಿರಲಿಲ್ಲ. ನಾನು ಕೈಗಳನ್ನು ಓಢಣಿಯೊಳಗೆ ಹುದುಗಿಸಿಕೊಂಡೇ ತಲೆಯಾಡಿಸುತ್ತಿದ್ದೆ. ಅಷ್ಟೇ. ಆ ಪ್ರಶ್ನೆಯೊಳಗೆ ಬಿಸಿಯಾದ್ದೇನೋ ಇದೆ ಅನಿಸುತ್ತಿತ್ತು, ಒಲೆ ಆರಿದ ಮೇಲೂ ಕಟ್ಟೆಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ಅದು ಅವರ ಧ್ವನಿಯಲ್ಲಿತ್ತೋ ನನ್ನ ಕಿವಿಯಲ್ಲೋ? ತಿಳಿದುಕೊಳ್ಳುವುದು ನನಗಿದ್ದಷ್ಟು ಸುಲಭ ಜಗತ್ತಿನಲ್ಲಿ ಇನ್ನಾರಿಗೂ ಇರಲಿಲ್ಲ. ಒಂದು ದಿನ ಚೀಲದಲ್ಲಿ ಡಬ್ಬ ಇಟ್ಟುಕೊಂಡು, ಕಿವಿಪಟ್ಟಿ ಕಟ್ಟಿ ಓಢಣಿ ಹೊದ್ದುಕೊಂಡು ಕೂತಿದ್ದೆ ಕೂಡ. “ಊಟ ಆತೇನ್ರಿ” ಎನ್ನುವ ಹೊತ್ತಿಗೆ ಗುಂಡಿಯ ಮೇಲಿನ ಬೆರಳು ತಾನಾಗಿ ಹಿಂದೆ ಸರಿಯಿತು.

ಮನೆಯಲ್ಲಿ ಅತ್ಯಾ ಆ ಡಬ್ಬವನ್ನು ಬೇರೆ ಕೆಲಸಕ್ಕೆ ಹಚ್ಚಿದಳು. ತಂಬೂರಿಗೆ ನಾಲ್ಕು ತಂತಿ. ಒಂದು ಪಂಚಮ, ಉಳಿದವೆಲ್ಲ ಷಡ್ಜ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೆ ಶ್ರುತಿ ಸರಿಯಾಗಿ ಕೂಡಿದಾಗ ಗಾಂಧಾರ ತಾನಾಗಿ ಕೇಳತೊಡಗುತ್ತದೆ, ಯಾರೋ ಮೀಟಿದ ಹಾಗೆ. “ನಲವತ್ತು ವರ್ಷ ಕೇಳೀನಿ. ಇವತ್ತು ತೂಗಿ ನೋಡೇಬಿಡು. ಅದು ತಂಬೂರಿದೋ ನನ್ನ ತಲೀದೋ?”

ತೂಗಿದೆ. ಗಾಳಿಯಲ್ಲಿ ಗಾಂಧಾರ ನಿಜಕ್ಕೂ ಇತ್ತು, ಆದರೆ ಬಹಳ ಸಣ್ಣಗೆ. ಅತ್ಯಾಳ ಕಿವಿಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿತ್ತು. ನನ್ನ ಕಿವಿಯಲ್ಲಿ ಅವಳದರ ಅರ್ಧ. ಹಿಂದಿನ ವಾರ ಸೇರಿದ ಪುಟ್ಟ ಶಿಷ್ಯೆಯ ಕಿವಿಯಲ್ಲಿ ಏನೂ ಇಲ್ಲ, ಗಾಳಿಯಲ್ಲಿದ್ದಷ್ಟೂ ಇಲ್ಲ.

ಅತ್ಯಾಗೆ ಬೇಜಾರಾದೀತೆಂದು ನಾನು ಹೆದರಿದ್ದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಂದ್ರ ಕಲಿಸಿದ್ದು ವ್ಯರ್ಥ ಆಗಿಲ್ಲ ಬಿಡು. ಎಷ್ಟು ಕಲಿಸೀನಿ ಅಂಬೋದು ಯಂತ್ರಾನ ಹೇಳ್ತು.”

ಪಕ್ಕದ ಮನೆಯ ಗಲಗಲಿ ಕಾಕಾ ಮಾತ್ರ ಹಾಗೆ ನಗಲಾರದವರಾಗಿದ್ದರು. ಎಲ್ಲರೂ ತನ್ನನ್ನು ಹೀಯಾಳಿಸುತ್ತಾರೆಂದು ಅವರಿಗೆ ಕೇಳಿಸುತ್ತಿತ್ತಂತೆ. ಅದಕ್ಕೆಂದು ಕಿವಿ ತೊಳೆಸಿಕೊಂಡರು. ಮನಸ್ಸು ಸದ್ದು ಸೇರಿಸುವ ಮೊದಲೇ ಅದರ ಎದುರು ಸದ್ದನ್ನು ಕೊಟ್ಟು ಕೊಟ್ಟು ಮನಸ್ಸನ್ನು ದಣಿಸುವ ಒಂದು ವಿಧಾನ ಅದು. ಒಂದು ಉಳಿಕೆಯನ್ನು ತೊಳೆಯಲು ಹೋದರೆ ಅಕ್ಕಪಕ್ಕದ್ದೂ ಸವೆಯುತ್ತದೆ. ಈಗ ಕಾಕಾನಿಗೆ ಸಿಟ್ಟಿಲ್ಲ. ಮೊಮ್ಮಗಳು ಅಂಗಳದಿಂದ “ಅಜ್ಜಾ!” ಎಂದು ಕೂಗಿದರೆ ಪೇಪರಿನಿಂದ ತಲೆ ಎತ್ತದೆ, “ಅಜ್ಜಾ ಅಂತ ಒಂದು ಸದ್ದು ಬಂತು ನೋಡು” ಎನ್ನುತ್ತಾರೆ. ಅಷ್ಟೇ. ಆ ಹುಡುಗಿ ಈಗೀಗ ಕೂಗುವುದನ್ನು ಬಿಟ್ಟಿದ್ದಾಳೆ.

ದಿಲ್ಲಿಯಿಂದ ಪರಿಶೀಲನೆಯವರು ಬರುವ ಸುದ್ದಿ ಬಂದ ವಾರವೇ ಪ್ರಭುಲಿಂಗರ ಅಳತೆಯಲ್ಲಿ ಉಳಿಕೆ ಕಾಣಿಸಿತು. ಹಳೆಯ ದಾಖಲೆ ತೆಗೆದು ನೋಡಿದರೆ ತಿಂಗಳುಗಳಿಂದ ಸಣ್ಣಗೆ ಬೆಳೆಯುತ್ತ ಬಂದದ್ದು. ಗಾಳಿಯಲ್ಲಿ ಏನೂ ಇಲ್ಲ, ಅವರ ಕೇಳ್ಮೆಯಲ್ಲಿ ಇದೆ. ತೆರೆಯ ಮೇಲೆ ಕೆಂಪಕ್ಷರದಲ್ಲಿ ‘ಮೂಲವಿಲ್ಲದ ಸದ್ದು’ ಎಂದು ಬರುತ್ತಿತ್ತು.

ಬೀಳಗಿ ಮೇಡಂ ಕನ್ನಡಕವನ್ನು ತಲೆಯ ಮೇಲೇರಿಸಿ ಯಂತ್ರದ ಪಕ್ಕವೇ ಠಿಕಾಣಿ ಹೂಡಿದರು. ವೈರು ಬದಲಾಯಿತು, ನೀರಿನ ಪಂಪು ಬಂದ್ ಆಯಿತು. ಸೂರಿನ ಮೇಲೆ ಹಲ್ಲಿ ಇರಬಹುದೆಂದು ಆಳು ಹತ್ತಿಸಿ ನೋಡಿದ್ದೂ ಆಯಿತು. ನಸೀಮಾ ನನ್ನ ಕೈ, ಕಿವಿ, ಕೊರಳು ಎಲ್ಲ ತಡವಿ, “ಈಕೀ ಹತ್ರ ಸಪ್ಪಳ ಮಾಡೋ ವಸ್ತುನ ಇಲ್ರಿ ಮೇಡಂ. ನಾಲಿಗೀನೂ ಸೇರ್ಸಿ” ಎಂದಳು. ಅಷ್ಟಕ್ಕೂ ಮೈಕುಗಳೇ ಸಾಕ್ಷಿ ಹೇಳುತ್ತಿದ್ದವಲ್ಲ, ಕೋಣೆಯಲ್ಲಿ ಸದ್ದೇ ಆಗಿಲ್ಲವೆಂದು.

ಕೊನೆಗೆ ಆ ಉಳಿಕೆಯನ್ನೇ ಸದ್ದಾಗಿ ಪರಿವರ್ತಿಸಿ ಸ್ಪೀಕರಿನಲ್ಲಿ ಹಾಕಿದರು. ಒಬ್ಬ ಮನುಷ್ಯನ ಮನಸ್ಸಿನೊಳಗಿನದು ಎಲ್ಲರ ಕಿವಿಗೂ ಬಿತ್ತು. ಕಿಣಿ, ಕಿಣಿ, ಕಿಣಿ. ಆಮೇಲೊಂದು ಮಂಕಾದ ‘ಟಕ್’.

“ಚಮಚಾ?” ಎಂದರು ಮೇಡಂ.

“ಕೀಲಿ ಗೊಂಚಲ ಇದ್ದಂಗೈತ್ರಿ” ಎಂದಳು ನಸೀಮಾ. “ಕೊನೀದೊಂದು ನೋಡ್ರಿ, ಅದ್ರ ಧ್ವನಿ ಕುಂತೈತಿ.”

ಮೂರು ಸ್ಪಷ್ಟ, ಒಂದು ಮಂಕು. ನನ್ನ ಬಳೆಗಳು. ಈಗಿನವಲ್ಲ, ಮೊದಲ ದಿನದವು. ಒಡೆದು ಕಸಕ್ಕೆ ಹೋದ ಆ ಬಳೆಯ ಸದ್ದು ಈ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ. ನಾನು ಮೂಲೆಯಲ್ಲಿ ಕೈ ಅಲುಗಿಸಿದಾಗ ಓಢಣಿಯ ಸಣ್ಣ ಸರಸರ ಅವರ ಕಿವಿಗೆ ಬೀಳುತ್ತಿತ್ತು. ಅದು ನಿಜವಾದ ಸದ್ದು, ಲೆಕ್ಕದಲ್ಲಿತ್ತು. ಅದರ ಹಿಂದೆಯೇ ಬಳೆಯ ಸದ್ದನ್ನು ಅವರ ಮನಸ್ಸು ತಾನೇ ತೊಡಿಸುತ್ತಿತ್ತು.

ಹೇಳಬೇಕಿತ್ತು. ಅಲ್ಲೇ, ಆಗಲೇ. ಹೇಳುವುದೆಂದರೆ ಏನು? ಈ ಮನುಷ್ಯನ ಮನಸ್ಸಿನಲ್ಲಿ ಕೇಳುತ್ತಿರುವುದು ನಾನು, ಎಂದೇ? ಎಲ್ಲರ ಎದುರಿಗೆ? ಓಢಣಿಯ ಅಂಚನ್ನು ಮುಂಗೈ ಮೇಲೆ ಎಳೆದುಕೊಂಡೆ.

ಮೇಡಂ ಪ್ರಭುಲಿಂಗರನ್ನು ಕರೆಸಿ ಕೇಳಿದರು. “ನಿಮಗ ಒಳಗ ಏನರೆ ಕೇಳಸ್ತದೇನು? ಘಂಟಿಯಂಥಾದ್ದು, ಗಾಜಿನಂಥಾದ್ದು?”

ಅವರು ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ನೆಲ ನೋಡಿ, “ಏನೂ ಇಲ್ರಿ ಮೇಡಂ” ಎಂದರು.

ಮೇಡಂ ಉಸಿರುಬಿಟ್ಟರು. “ಹಂಗಾರ ನಿಮಗ ಗೊತ್ತಾಗ್ಲಾರದಂಗ ಒಳಗ ಬೆಳೆದದ. ಸೋಮವಾರ ತೊಳದುಬಿಡೋಣು. ಇಲ್ಲಂದ್ರ ಊರಾಗಿನ ಡಬ್ಬ ಎಲ್ಲಾ ಸುಳ್ಳಾಗ್ತಾವ.”

ಅವರು ಹೂಂ ಎಂದರು. ನನಗೆ ಗಲಗಲಿ ಕಾಕಾನ ಅಂಗಳ ನೆನಪಾಯಿತು.

ಶನಿವಾರ ಮಧ್ಯಾಹ್ನ ಗಣಿಯ ಅಂಚಿನ ಕಲ್ಲಿನ ಮೇಲೆ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ಕೆಳಗೆ ಕಟ್ಟಡದ ಪಕ್ಕದ ಹೊಂಡದ ನೀರಿನಲ್ಲಿ ಮೋಡ ನಿಧಾನಕ್ಕೆ ಸಾಗುತ್ತಿತ್ತು, ಆಕಾಶದ ಮೋಡ ಮಾತ್ರ ನಿಂತಲ್ಲೇ ನಿಂತಂತೆ. ಪ್ರಭುಲಿಂಗ ಬಂದು ಸ್ವಲ್ಪ ದೂರದಲ್ಲಿ ನಿಂತರು. ಈ ಸಲ ಊಟದ ಮಾತು ಕೇಳಲಿಲ್ಲ.

“ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ ಬಾಯಾರ. ನಾ ಯಾರಿಗೂ ಹೇಳಿಲ್ಲ, ಹೇಳಂಗೂ ಇಲ್ಲ.”

ನಾನು ತಲೆ ಎತ್ತಿದೆ.

“ಸೋಮವಾರದಿಂದರೆ ಬಳಿ ಬಿಚ್ಚಿಟ್ಟು ಒಳಗ ಬರ್ರಿ. ಆ ವಾರ ದಿಲ್ಲಿಯವರು ಬರಾಕತ್ತಾರ. ಸಿಕ್ಕಿಬಿದ್ರ ನಿಮ್ಮ ನೌಕರಿಗೆ ಬರತೈತಿ.” ಆಮೇಲೆ ಸಣ್ಣಗೆ ಗದರಿದಂತೆ, “ಅದರಾಗ ಆ ಬಿರುಕ ಬಿಟ್ಟದ್ದು ಇನ್ನೂ ಯಾಕ ಹಾಕ್ಕೋತೀರಿ? ಕೈಗೆ ಚುಚ್ಚತೈತಿ ಅಂತ ಮೊದಲ್ನೇ ದಿನಾನ ಹೇಳೀನಿ.”

ಆಗ ಗೊತ್ತಾಯಿತು. ಅವರು ದಿನಾ ಆ ಸದ್ದು ಕೇಳುತ್ತಿದ್ದರು. ನಾನು ನಿಯಮ ಮುರಿದು ಬಳೆ ತೊಟ್ಟು ಬರುತ್ತೇನೆಂದು ತಿಳಿದಿದ್ದರು. ನನ್ನನ್ನು ಉಳಿಸಲೆಂದು ಮೇಡಂ ಎದುರು ಸುಳ್ಳು ಹೇಳಿ, ತೊಳೆಸಿಕೊಳ್ಳಲು ಒಪ್ಪಿಕೊಂಡಿದ್ದರು. ನಾನು ಮಾಡಿಯೇ ಇಲ್ಲದ ತಪ್ಪಿಗೆ.

ಎರಡೂ ತೋಳು ಮುಂದೆ ಚಾಚಿದೆ. ಊಟಕ್ಕೆ ಬರುವಾಗ ಬಳೆ ಗೂಡಿನ ಡಬ್ಬಿಯಲ್ಲೇ ಬಿಟ್ಟು ಬಂದಿದ್ದೆ. ಬರಿಯ ಮುಂಗೈ.

ಅವರು ನೋಡಿದರು. ನಾನು ಮೆಲ್ಲಗೆ ಕೈ ತಿರುಗಿಸಿದೆ.

“ಈಗೂ ಕೇಳ್ತು” ಎಂದರು.

“ಇಲ್ಲ” ಎಂದೆ. ನಾನು ಅವರೊಡನೆ ಆಡಿದ ಮೊದಲ ಮಾತು ಅದೇ ಇರಬೇಕು. “ಅದು ಮೊದಲ್ನೇ ದಿನಾನ ಒಡದು ಹೋತ್ರಿ.”

ಅವರು ಕಲ್ಲಿನ ಮೇಲೆ ಕೂತುಬಿಟ್ಟರು. “ಗಾಲಿ ಬಡಿಯೋ ಕೆಲಸದಾಗ ಇಲ್ಲದ ಬಿರುಕು ಕೇಳ್ದವ್ನ ಆ ದಿನಾನ ಬಿಡಸ್ತಾರ್ರಿ ಬಾಯಾರ. ಇದ್ದ ಬಿರುಕು ಬಿಟ್ರ ಮಂದಿ ಸಾಯ್ತಾರ. ಇಲ್ಲದ ಬಿರುಕು ಹೇಳಿದ್ರ ಯಾರೂ ನಂಬಂಗಿಲ್ಲ.” ಎದ್ದು ನಿಂತು ಬಟ್ಟೆ ಕೊಡವಿಕೊಂಡರು. “ಹಂಗಾದ್ರ ತೊಳೀಲೇಬೇಕು. ಖರೇನ ತೊಳೀಬೇಕು.”

ಮೊದಲು ನನ್ನ ಸಲುವಾಗಿ ಒಪ್ಪಿದ್ದರು. ಈಗ ತಮ್ಮ ಮನಸ್ಸಿನಿಂದಲೇ ಒಪ್ಪಿದರು. ಸತ್ಯ ಹೇಳಿ ನಾನು ಮಾಡಿದ ಉಪಕಾರ ಅಷ್ಟು.

ಭಾನುವಾರ ಇಡೀ ಬೆಳಗು ಮನೆಯಲ್ಲಿ ಬಳೆ ಆಡಿಸುತ್ತ ಕೂತೆ. ಆ ಮಂಕು ಸದ್ದು ಗಾಳಿಯಲ್ಲೂ ಇದ್ದರೆ ಉಳಿಕೆ ಉಳಿಯದೆಂದು, ಒಂದು ಬಳೆಗೆ ಬಿರುಕು ಬಿಡಿಸಲು ಕಟ್ಟೆಯ ಅಂಚಿಗೆ ಮೆಲ್ಲಗೆ ತಾಗಿಸಿದೆ, ಒಡೆಯಿತು. ಇನ್ನೊಂದು, ಅದೂ ಒಡೆಯಿತು. ಅತ್ಯಾ ಅಡುಗೆಮನೆಯಿಂದ ಓಡಿ ಬಂದಳು.

“ಏನ ಹುಚ್ಚು ಹಿಡೀತೇನ? ಬಂಗಾರದಂಥಾ ಬಳಿ!”

ಎಲ್ಲವನ್ನೂ ಹೇಳಿದೆ. ನಿಂತು ನಿಂತು, ತಲೆ ಬಗ್ಗಿಸಿ. ಅವಳು ಚೂರು ಆರಿಸುತ್ತಲೇ ಕೇಳಿದಳು.

“ಹಂಚಿನಮನಿ ಅಂದ್ರ… ಯಾವೂರವ್ರು?”

“ಅತ್ಯಾ!”

“ಕೇಳಿದ್ರೇನಾತು, ನಾ ಕೇಳಿದ್ದು ಊರಷ್ಟ. ಹೆಚ್ಚಿಂದೇನರೆ ಕೇಳ್ಸಿದ್ರ ಅದು ನಿನ್ನ ಉಳಿಕಿ.” ಚೂರುಗಳನ್ನು ಪೇಪರಿನಲ್ಲಿ ಕಟ್ಟಿಟ್ಟು ನನ್ನ ಎದುರಿಗೆ ಕೂತಳು. “ನೋಡವಾ. ಆ ಪುಟ್ಟ ಹುಡುಗಿಗೆ ಗಾಂಧಾರ ಕೇಳಲಿಲ್ಲ, ನನಗ ಕೇಳ್ತು. ನಾ ಸುಮ್ಮನ ಹುಟ್ಟಿಸಿದ್ನೇನು? ನನ್ನ ಗುರುಗಳ ತಂಬೂರಿಯೊಳಗ ಎಂದೋ ಕೇಳಿದ್ದು ಕಿವ್ಯಾಗ ಕೂತದ. ಅದು ಒಂದು ದಿನ ಗಾಳಿಯೊಳಗ ಇದ್ದದ್ದ ಅಲ್ಲೇನು?”

ಅವಳು ಎದ್ದು ಹೋಗಿ ತಂಬೂರಿಗೆ ಹೊದಿಸಿದ ಬಟ್ಟೆ ಸರಿಮಾಡಿದಳು. ನಾನು ಕೂತಲ್ಲೇ ಕೂತೆ. ಎಂದೋ ಗಾಳಿಯಲ್ಲಿ ಇದ್ದದ್ದು. ಮೊದಲ ದಿನ ನಾನು ಒಳಗೆ ಹೋದಾಗ ತಕ್ಕಡಿ ನಡೆದಿತ್ತಲ್ಲ.

ಸೋಮವಾರ ಕುರ್ಚಿಯ ಹಿಂದೆ ತೊಳೆಯುವ ಯಂತ್ರವನ್ನು ಜೋಡಿಸಿದ್ದರು. ಪ್ರಭುಲಿಂಗ ಆಗಲೇ ಟೊಪ್ಪಿಗೆ ತೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು, ಕೈಗಳು ಮಂಡಿಯ ಮೇಲೆ, ಶಾಲೆಯ ಹುಡುಗನ ಹಾಗೆ. ನಾನು ಬಾಗಿಲ ಗೂಡಿನ ಎದುರು ನಿಂತೆ. ಡಬ್ಬಿ ತೆರೆದೆ. ಬಳೆ ಬಿಚ್ಚಲಿಲ್ಲ. ಡಬ್ಬಿ ಮುಚ್ಚಿ ಒಳಗೆ ಹೋದೆ.

ಕೆಂಪು ದೀಪ ಹತ್ತಿತು. ಗಾಜಿನ ಆಚೆಯಿಂದ ಮೇಡಂ ಧ್ವನಿ ಬಂತು. “ಶಾಲ್ಮಲಾ! ಬಳಿ! ಏನಾಗೇದ ನಿನಗ?”

ನಾನು ಕೈ ಎತ್ತಿ ಬಳೆಗಳನ್ನು ಅಲುಗಿಸಿದೆ.

“ಮೇಡಂ, ತೊಳಿಯೋಕಿಂತ ಮೊದಲು ಒಮ್ಮೆ ತೂಗ್ರಿ. ಈಗ.”

ಆ ಕೋಣೆಯಲ್ಲಿ ನನ್ನ ಧ್ವನಿ ನನಗೇ ಬೇರೆಯವರದೆನಿಸಿತು. ಆಮೇಲೆ ನಸೀಮಾ: “ಮೇಡಂ, ಉಳಿಕಿ ಇಳೀತು. ಪೂರಾ ಇಳದಿಲ್ಲ, ಆದ್ರ ಇಳೀತು. ಗಾಳ್ಯಾಗೂ ಈಗ ಅದೇ ಸಪ್ಪಳ ಐತಿ. ಮಂಕ ಟಕ್ ಅಂತೈತಲ್ರಿ, ಅದೊಂದ ಉಳದೈತಿ.”

“ಅದು ನನ್ನ ಬಳೀನ” ಎಂದೆ. “ಬಿರುಕು ಬಿಟ್ಟದ್ದು. ಒಡದು ಹೋಗೇದ. ನಾ ಸೇರಿದ ಮೊದಲ್ನೇ ದಿನದ ಗಾಳಿ ತಗೀರಿ. ಅದರಾಗ ಇರ್ತದ.”

ಪ್ರಭುಲಿಂಗ ಕುರ್ಚಿಯಲ್ಲಿ ಕದಲಲಿಲ್ಲ. ಕೈಗಳು ಮಾತ್ರ ಮಂಡಿ ಬಿಟ್ಟು ಕುರ್ಚಿಯ ಅಂಚು ಹಿಡಿದವು.

ನಸೀಮಾ ಹಳೆಯ ದಾಖಲೆ ಹುಡುಕಿ ತೆಗೆದಳು. ಎರಡು ಹೆಜ್ಜೆ, ಕಿಣಿ ಕಿಣಿ ಕಿಣಿ, ಟಕ್. ಅದನ್ನು ಅವರ ಉಳಿಕೆಯ ಮೇಲೆ ಇಟ್ಟಳು. ಎರಡು ಗೆರೆಗಳು ಒಂದರೊಳಗೊಂದು ಕೂತವು. ಅಷ್ಟು ತಿಂಗಳು ಕಳೆದರೂ ಆ ಮಂಕು ಒಂದಿಷ್ಟೂ ಮಾಸಿರಲಿಲ್ಲ.

ಬೀಳಗಿ ಮೇಡಂ ಒಳಗೆ ಬಂದರು. ತಮ್ಮ ಗಡಿಯಾರ ಬಿಚ್ಚುವುದನ್ನು ಮರೆತಿದ್ದರು, ಅದು ಟಿಕ್ ಟಿಕ್ ಎನ್ನುತ್ತಿತ್ತು. “ಮೂಲ ಇಲ್ಲಂತ ಬರದೀವಿ” ಎಂದರು ಮೆಲ್ಲಗೆ. “ಮೂಲ ಇತ್ತು. ನಿನ್ನೀದು. ನಮ್ಮ ತಕ್ಕಡಿಗೆ ಇವತ್ತಿನ ಗಾಳಿ ಒಂದ ಗೊತ್ತು.”

“ಮೇಡಂ,” ನಸೀಮಾ ಸ್ಪೀಕರಿನಿಂದ ಕರೆದಳು, “ಮೊದಲ್ನೇ ದಿನದ್ದೂ ಕಳದೆ. ಇನ್ನೂ ಒಂದಿಷ್ಟು ಉಳದೈತ್ರಿ. ಕೂದಲೆಳಿಯಷ್ಟು. ಯಾವ ದಿನದ ಗಾಳ್ಯಾಗೂ ಇಲ್ಲ.”

ಮೇಡಂ ಹೆಡ್‌ಫೋನ್ ತರಿಸಿ ಕೇಳಿದರು. ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು. ಏನು ಕೇಳಿಸಿತೋ, ನಮಗ್ಯಾರಿಗೂ ಹೇಳಲಿಲ್ಲ. ತೆಗೆದು ಮಡಿಲಲ್ಲಿಟ್ಟುಕೊಂಡರು.

“ಇದಕ್ಕ ನನ್ನ ಹತ್ರ ಹೆಸರಿಲ್ಲ.” ಆಮೇಲೆ ಪ್ರಭುಲಿಂಗರ ಎದುರಿಗೆ ಹೋಗಿ ನಿಂತರು. “ಹಂಚಿನಮನಿಯವರ, ನಿಮ್ಮ ಕಿವಿ ಸುಳ್ಳಲ್ಲ. ಆದ್ರ ಅಳತಿಗೆ ಇನ್ನ ಬರೂದಿಲ್ಲ. ತೊಳದ್ರ ಬರ್ತದ, ನೌಕರಿ ಉಳೀತದ. ಇಲ್ಲಂದ್ರ ಈ ಕುರ್ಚಿಗೆ ಬ್ಯಾರೆಯವರನ್ನ ಹುಡುಕಬೇಕು. ನಿಮ್ಮ ಮನಸ್ಸು ಹೆಂಗ?”

ಅವರು ಕಣ್ಣಿನ ಬಟ್ಟೆ ತಾವೇ ಬಿಚ್ಚಿದರು. ಬೆಳಕಿಗೆ ಕಣ್ಣು ಕಿರಿದಾಯಿತು. ನನ್ನ ಕಡೆ ನೋಡಲಿಲ್ಲ.

“ಇಲ್ಲದ್ದು ಕೇಳ್ತೈತಿ ಅಂತ ಹೆದರಿದ್ದೆ ಮೇಡಂ. ಇದ್ದದ್ದ ಅಂದ್ರಲ್ಲ, ಅಷ್ಟ ಸಾಕು. ತೊಳಿಯೋದು ಬ್ಯಾಡ್ರಿ.”

“ನೌಕರಿ?”

“ಗಾಲಿ ಎಲ್ಲಾ ಕಡೇನೂ ಅದಾವ್ರಿ.”

ಮೇಡಂ ಟೊಪ್ಪಿಗೆಯನ್ನು ತಾವೇ ಅವರ ತಲೆಯಿಂದ ತೆಗೆದು, ಒದ್ದೆ ಹತ್ತಿಗಳನ್ನು ಒಂದೊಂದಾಗಿ ಬಿಡಿಸಿದರು. ದಿಲ್ಲಿಯವರಿಗೆ ಏನು ಹೇಳುವುದೆಂದು ನಸೀಮಾ ಕೇಳಿದಾಗ, “ಖರೇ ಹೇಳೋದು” ಎಂದರು. “ಜಗತ್ತು ಎಲ್ಲಿ ಮುಗೀತದ, ಮನಸ್ಸು ಎಲ್ಲಿ ಸುರು ಆಗ್ತದ, ಆ ಗೆರಿ ನಾವು ತಿಳದಲ್ಲಿ ಇಲ್ಲ ಅಂತ.” ಮುಖದಲ್ಲಿ ಸೋಲಿತ್ತು. ಹಸಿವಾದವರ ಹೊಳಪೂ ಇತ್ತು.

ಮಧ್ಯಾಹ್ನ ನಾವಿಬ್ಬರೂ ಗಣಿಯ ಮೆಟ್ಟಿಲು ಹತ್ತಿದೆವು. ಅವರು ಎರಡು ಮೆಟ್ಟಿಲು ಮುಂದೆ, ತಮ್ಮ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು. ಕೆಂಪು ದೀಪ ಆರಿಸಲೆಂದು ನಸೀಮಾ ನನ್ನ ಬಳೆಗಳನ್ನೆಲ್ಲ ಬಿಚ್ಚಿಸಿ ಡಬ್ಬಿಗೆ ಹಾಕಿಟ್ಟಿದ್ದಳು, ತರುವುದು ಮರೆತಿದ್ದೆ. ಬಿಸಿಲು ಕಲ್ಲಿಗೆ ಬಿದ್ದು ಎಲ್ಲವೂ ಸ್ವಲ್ಪ ಅಲುಗಿದಂತಿತ್ತು. ನೀರಿನೊಳಗಿನ ಮೋಡವೂ ಮೇಲಿನ ಮೋಡವೂ ಈಗ ಒಂದೇ ವೇಗದಲ್ಲಿದ್ದವು.

ಮೇಲಿನ ಮೆಟ್ಟಿಲಲ್ಲಿ ಅವರು ನಿಂತು ತಿರುಗಿದರು.

“ಊಟ ಆತೇನ್ರಿ?”

‘ಬಾಯಾರ’ ಅನ್ನಲಿಲ್ಲ.

“ಇಲ್ರಿ” ಎಂದೆ. “ನಿಮ್ದು?”

ಅವರು ನಕ್ಕರು. ಮೇಲೆ ಹತ್ತಲೆಂದು ನಾನು ಕಲ್ಲಿನ ಅಂಚು ಹಿಡಿದೆ. ಬರಿಯ ಮುಂಗೈ ಬಿಸಿಲಿಗೆ ಬಿತ್ತು, ಓಢಣಿ ಸರಿಯಿತು. ಅವರು ತಟ್ಟನೆ ಕೈಯನ್ನೇ ನೋಡಿದರು, ಚುಚ್ಚೀತೆಂಬ ಅಂಜಿಕೆಯಲ್ಲಿ.

ಕಿಣಿ, ಕಿಣಿ, ಕಿಣಿ. ಆಮೇಲೆ, ಮಂಕಾಗಿ, ಅದೊಂದು.

ನನಗೂ ಕೇಳಿಸಿತು.